ಸುಜಾತಳ ಬದಲು ನಾನು ಕಣ್ಣು ಮಿಟುಕಿಸಿದ್ದು

ನಿಮಗೂ ಹೀಗಾಗಿದೆಯಾ ಹೇಳಿ. ಕರೆಂಟು ಬಿಲ್ಲೋ, ಬಸ್ಸಿನ ಟಿಕೆಟ್ಟೋ, ಯಾವುದಕ್ಕೋ ಒಂದು ವೆಬ್‌ಸೈಟಿಗೆ ಹೋಗಿರುತ್ತೀರಿ. ನಿಮ್ಮ ಹೆಸರು, ಅಪ್ಪನ ಹೆಸರು, ಊರು, ಕೇರಿ, ಪಿನ್‌ಕೋಡು ಎಲ್ಲ ತುಂಬಿಸಿ ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಅದು ತಣ್ಣಗೆ ಕೇಳುತ್ತದೆ, ನೀವು ಮನುಷ್ಯರೇ ಎಂದು ಸಾಬೀತು ಮಾಡಿ ಅಂತ. ಒಂಬತ್ತು ಚೌಕದ ಚಿತ್ರ ಕೊಟ್ಟು, ಇದರಲ್ಲಿ ಬೆಂಕಿ ಆರಿಸುವ ನಲ್ಲಿಗಳಿರುವ ಚೌಕಗಳನ್ನು ಒತ್ತಿ ಅನ್ನುತ್ತದೆ. ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದ ನಾನು ಬೆಂಕಿ ಆರಿಸುವ ನಲ್ಲಿಯನ್ನು ಎಲ್ಲಿ ನೋಡಿರಬೇಕು? ನಮ್ಮ ಬೀದಿಯ ಕುಡಿಯುವ ನೀರಿನ ನಲ್ಲಿಯೇ ವಾರಕ್ಕೊಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಮೊದಮೊದಲು ನಾನು ಮೂರು ಮೂರು ಸಲ ಫೇಲಾಗಿ, ನಾನು ಮನುಷ್ಯಳಲ್ಲ ಅಂತ ಯಂತ್ರದ ಕೈಲಿ ಹೇಳಿಸಿಕೊಂಡಿದ್ದೇನೆ. ನನ್ನ ಗಂಡನಿಗೆ ಹೇಳಿದರೆ, "ಅದು ಗೊತ್ತಾಗೋಕೆ ಅದಕ್ಕೆ ಮೂರು ಸಲ ಬೇಕಾಯ್ತಾ?" ಅಂದರು.

ನಗುವುದಿದ್ದರೆ ಇಲ್ಲೇ ನಕ್ಕುಬಿಡಿ. ಮುಂದೆ ನಗುವಂಥದ್ದು ಕಡಿಮೆ. ನನ್ನ ಪೇಜಿನಲ್ಲಿ ನಾನು ಸಾಮಾನ್ಯವಾಗಿ ಬೇರೆಯವರ ತಪ್ಪುಗಳನ್ನು ಬರೆಯುತ್ತೇನೆ, ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಇವತ್ತು ನನ್ನದು. ಒಬ್ಬ ಹೆಣ್ಣುಮಗಳ ಕೈಗೆ ಬಂದಿದ್ದ ಕೆಲಸವನ್ನು ನಾನು ಕಳೆದೆ. ಬೈದು ಕಳೆಯಲಿಲ್ಲ, ಚಾಡಿ ಹೇಳಿ ಕಳೆಯಲಿಲ್ಲ. ಕಣ್ಣು ಮಿಟುಕಿಸಿ ಕಳೆದೆ. ಎರಡು ಸಲ ಮಿಟುಕಿಸಬೇಕಾಯಿತು, ಮೊದಲನೆಯದನ್ನು ಅದು ತೆಗೆದುಕೊಳ್ಳಲಿಲ್ಲ.

ಹೊಸಬರಿಗೆ ಹೇಳುತ್ತೇನೆ. ನಾನು ಪದ್ಮ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿರುವ ಒಂದು ಕ್ಯಾಮೆರಾ, ಮೂರು ಪ್ಲಾಸ್ಟಿಕ್ ಕುರ್ಚಿ. ಬೇರೆ ಊರುಗಳಲ್ಲಿ ಜನ ಸೆಂಟರಿಗೆ ಬಂದು ಕೂತು ಅರ್ಜಿ ತುಂಬಿಸುತ್ತಾರಂತೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಗೂಡು ತಂದವರು ಬೆಳಿಗ್ಗೆ ಹರಾಜಿಗೆ ಹೋಗುವ ಅವಸರದಲ್ಲಿ ಕಾಗದದ ಕವರು, ಆಧಾರ್ ಕಾರ್ಡು, ಮೊಬೈಲು ಮೂರನ್ನೂ ನನ್ನ ಮೇಜಿನ ಮೇಲಿಟ್ಟು, "ಪದ್ಮಕ್ಕಾ, ಓಟಿಪಿ ಬಂದ್ರೆ ನೀನೇ ನೋಡ್ಕೊ, ಬರ್ತೀನಿ" ಅಂತ ಹೋಗಿಬಿಡುತ್ತಾರೆ. ಮಧ್ಯದಲ್ಲಿ ಅವರ ಹೆಂಡತಿ ಫೋನ್ ಮಾಡಿದರೆ ಅದಕ್ಕೂ ನಾನೇ ಉತ್ತರ ಕೊಡಬೇಕು. ಅರ್ಧ ತಾಲ್ಲೂಕಿನ ಜನರ ಇಮೇಲು ನನ್ನದು. ಅವರ ಪಾಸ್‌ವರ್ಡು ನನ್ನ ಮಗಳ ಹೆಸರು. ಪಿಂಚಣಿಯ ಅಜ್ಜಂದಿರು, ಪೊರೆ ಬಂದವರು, ಪೂರ್ತಿ ಕಾಣದವರು ಎಲ್ಲರೂ ಬಾಗಿಲಲ್ಲಿ ನಿಂತು, "ನಿನ್ ಕಣ್ ಸ್ವಲ್ಪ ಕೊಡಮ್ಮ" ಅನ್ನುತ್ತಿದ್ದರು. ಕೊಡುತ್ತಿದ್ದೆ. ಚಿತ್ರ ಒತ್ತಿ ಅಂದರೆ ಒತ್ತುತ್ತಿದ್ದೆ, ಅಕ್ಷರ ಹೊಡೆಯಿರಿ ಅಂದರೆ ಹೊಡೆಯುತ್ತಿದ್ದೆ. ನನ್ನ ಗಂಡ ಚಿಂತಾಮಣಿ ಕಡೆಯವರು, ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾರೆ. "ನೀಕೆಂದುಕೇ ಈ ಪನುಲು? ನಿಂಗ್ಯಾಕೆ ಇವರ ಉಸಾಬರಿ?" ಅನ್ನುವರು. ನನಗೆ ಅದರಲ್ಲಿ ಒಂದು ಸುಖ ಇತ್ತು. ಊರಿಗೆಲ್ಲ ಬೇಕಾದವಳು ಅನ್ನಿಸಿಕೊಳ್ಳುವ ಸುಖ. ಅದಕ್ಕೆ ಔಷಧಿ ಇಲ್ಲ.

ಸುಜಾತ ಹಾಗೆ ಬಾಗಿಲಲ್ಲಿ ನಿಂತು ಕಣ್ಣು ಕೇಳಿದವಳಲ್ಲ. ಜಂಗಮಕೋಟೆಯವಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ರೆಪ್ಪೆಗಳು ಒಳಕ್ಕೆ ಕುಸಿದು ಮುಚ್ಚಿಕೊಂಡೇ ಇವೆ. ಅಪ್ಪ ನಿವೃತ್ತ ಮೇಷ್ಟರು. ಹಜಾರದಲ್ಲಿ ಬುದ್ಧನ ಪಟದ ಕೆಳಗೆ ಮಗಳ ಎಂ.ಎ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನೇತುಹಾಕಿದ್ದಾರೆ. "ಬುದ್ಧ ನೋಡ್ಲಿ ಅಂತಲ್ಲಮ್ಮ, ಬಂದೋರು ನೋಡ್ಲಿ ಅಂತ" ಅಂದಿದ್ದರು ನನಗೆ. ಅಮ್ಮ ರೇಷ್ಮೆಹುಳು ಸಾಕುತ್ತಾರೆ. ಗೂಡನ್ನು ಮಾರುಕಟ್ಟೆಗೆ ತರುವ ಮುಂಚೆ ಕೆಟ್ಟದ್ದನ್ನು ಆರಿಸಿ ತೆಗೆಯಬೇಕಲ್ಲ, ಆ ಕೆಲಸ ಮನೆಯಲ್ಲಿ ಸುಜಾತಳದು. ಕಣ್ಣಿರುವವರು ಒಂದು ಬುಟ್ಟಿ ನೋಡುವಷ್ಟರಲ್ಲಿ ಅವಳು ಎರಡು ಬುಟ್ಟಿ ಮುಗಿಸುತ್ತಾಳೆ. ಅನುಮಾನ ಬಂದ ಗೂಡನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸುತ್ತಾಳೆ. ಒಳಗೆ ಟಕ್ ಅಂದರೆ ಹುಳು ಚೆನ್ನಾಗಿದೆ. ಏನೂ ಅನ್ನದಿದ್ದರೆ ಒಳಗೇ ಸತ್ತು ಅಂಟಿಕೊಂಡಿದೆ ಅಂತ ಅರ್ಥ, ಆ ಗೂಡು ಪಕ್ಕಕ್ಕೆ. ಆ ಒಂದು ಕ್ಷಣ ಅವಳ ಮುಖ ಹೇಗಿರುತ್ತದೆ ಅಂದರೆ, ನೋಡಿದವರು ಮರೆಯುವುದಿಲ್ಲ. ನಾನಂತೂ ಮರೆಯುವ ಹಾಗಿಲ್ಲ.

ಅವಳ ಫೋನು ಮಾತಾಡುತ್ತದೆ. ಪರದೆಯ ಮೇಲೆ ಇರುವುದನ್ನೆಲ್ಲ ಗಟ್ಟಿಯಾಗಿ ಓದುತ್ತದೆ, ಅದೂ ಎಂಥ ವೇಗ ಅಂತೀರಿ! ನನಗೆ ಒಂದು ಮಾತು ಅರ್ಥವಾಗುವಷ್ಟರಲ್ಲಿ ಅವಳು ಮೂರು ಪುಟ ದಾಟಿರುತ್ತಾಳೆ. ನನ್ನ ಸೆಂಟರಿಗೆ ಬರುತ್ತಿದ್ದದ್ದು ಪ್ರಿಂಟಿಗೆ ಮತ್ತು ಜಗಳಕ್ಕೆ. ಒಂದು ಸಲ ನನ್ನ ಪೇಜಿನ ಬಗ್ಗೆ ಕೇಳಿದೆ, ಓದ್ತೀಯೇನೇ ಅಂತ. "ಏನ್ ಓದೋದು? ಎಲ್ಲಾ ಹೂವಿನ್ ಚಿತ್ರದ ಮೇಲೆ ಬರ್ದು ಹಾಕ್ತೀಯ. ನನ್ ಫೋನು 'ಚಿತ್ರ' ಅಂದ್ಬಿಟ್ಟು ಸುಮ್ನಾಗುತ್ತೆ" ಅಂದಳು. ಹೌದು, ನಾನು ಹಾಗೇ ಹಾಕುತ್ತಿದ್ದೆ. ದಾಸವಾಳದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ನೋಡಲು ಚೆಂದ. ಸರಿ ಬಿಡು, ಬದಲಾಯಿಸ್ತೀನಿ ಅಂದೆ. ಬದಲಾಯಿಸಲಿಲ್ಲ.

ಇಂಥ ಸುಜಾತ ಆ ಸಲ ಒಂದು ಅರ್ಜಿ ಹಿಡಿದು ಬಂದಳು. ಒಂದು ಸಹಕಾರಿ ಸಂಸ್ಥೆ, ಹೆಸರು ಹೇಳುವುದಿಲ್ಲ, ಅದರ ಗೌರಿಬಿದನೂರಿನ ಶಾಖೆಯಲ್ಲಿ ಫೋನಿನಲ್ಲಿ ಗ್ರಾಹಕರಿಗೆ ಉತ್ತರ ಕೊಡುವ ಹುದ್ದೆ. ಇದ್ದದ್ದು ಒಂದೇ, ಅದೂ ಕಣ್ಣು ಕಾಣದವರಿಗೇ ಮೀಸಲು. ವಯಸ್ಸು ನಲವತ್ತೈದು ದಾಟಿರಬಾರದು. ಸುಜಾತಳಿಗೆ ಮುಂದಿನ ತಿಂಗಳು ನಲವತ್ತೈದು ತುಂಬುತ್ತಿತ್ತು. ಅಂದರೆ ಇದು ಬಿಟ್ಟರೆ ಇನ್ನಿಲ್ಲ. ಒಂದು ವಾರದಿಂದ ಮನೆಯಲ್ಲಿ ತಾನೇ ಪ್ರಯತ್ನ ಮಾಡಿದ್ದಳು. ವೆಬ್‌ಸೈಟಿನ ಗುಂಡಿಗಳಿಗೆ ಯಾರೂ ಹೆಸರು ಕೊಟ್ಟಿರಲಿಲ್ಲ, ಫೋನು "ಬಟನ್, ಬಟನ್, ಬಟನ್" ಅಂತ ಮಾತ್ರ ಹೇಳುತ್ತಿತ್ತು. ಯಾವುದು ಮುಂದಕ್ಕೆ, ಯಾವುದು ಅಳಿಸಲಿಕ್ಕೆ, ದೇವರಿಗೇ ಗೊತ್ತು. ಎರಡು ಸಲ ಅಳಿಸಿಹೋಯಿತು. ಇಮೇಲ್ ಬರೆದಳು, ಉತ್ತರವಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ, "ಯಾರಾದ್ರೂ ಕಣ್ಣಿರೋರ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ ಮೇಡಂ" ಅಂದಳಂತೆ.

"ನೀನೇನಂದೆ?" ಅಂತ ಕೇಳಿದೆ.

"ಕೆಲ್ಸಕ್ಕೂ ಅವ್ರನ್ನೇ ಕರ್ಕೊಂಡ್ ಬರ್ಲಾ ಅಂದೆ. ಫೋನಿಟ್ಳು."

ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ನನ್ನ ಕಂಪ್ಯೂಟರಿನ ಮುಂದೆ ಕೂತೆವು. ಐದಕ್ಕೆ ಮುಚ್ಚುತ್ತಿತ್ತು. ಯಾವ ಗುಂಡಿ ಏನು ಅಂತ ನಾನು ಹೇಳುವುದು, ಒತ್ತುವುದು ಅವಳೇ. ಆ ಒಪ್ಪಂದಕ್ಕೆ ನಾನು ಬಹಳ ಕಷ್ಟಪಟ್ಟು ಒಪ್ಪಿದ್ದೆ, ಯಾಕೆಂದರೆ ನನ್ನ ಕೈ ಸುಮ್ಮನಿರುವ ಕೈ ಅಲ್ಲ. ನಾಲ್ಕೂ ಕಾಲಿಗೆ ಕೊನೆಯ ಪುಟ ಬಂತು. ಕ್ಯಾಮೆರಾ ತೆರೆದುಕೊಂಡಿತು. ಅರ್ಜಿ ಹಾಕುತ್ತಿರುವವರು ಜೀವಂತ ವ್ಯಕ್ತಿಯೇ, ಫೋಟೊ ಹಿಡಿದು ಮೋಸ ಮಾಡುತ್ತಿಲ್ಲವೇ ಅಂತ ನೋಡುತ್ತಾರಂತೆ. ಪರದೆಯ ಮೇಲೆ ಬಂತು: ಕಣ್ಣು ಮಿಟುಕಿಸಿ. ಅದೂ ಚಿತ್ರದ ಮೇಲೆ ಬರೆದದ್ದು, ಅವಳ ಫೋನಿಗೂ ನನ್ನ ಕಂಪ್ಯೂಟರಿಗೂ ಓದಲು ಬರುವಂಥದ್ದಲ್ಲ. ನಾನು ಓದಿ ಹೇಳಿದೆ.

ಸುಜಾತ ನಕ್ಕಳು. "ಇನ್ನೊಂದ್ಸಲ ಓದಕ್ಕ. ಕುರುಡ್ರಿಗೇ ಅಂತ ಇಟ್ಟಿರೋ ಕೆಲ್ಸಕ್ಕೆ?"

"ಹಂಗೇ ಐತೆ ಕಣೇ."

ತಲೆ ಆಡಿಸಿದಳು, ಯಂತ್ರ ತೆಗೆದುಕೊಳ್ಳಲಿಲ್ಲ. ಹುಬ್ಬು ಎತ್ತಿದಳು, ಇಲ್ಲ. ಆಮೇಲೆ ಅವಳು ಮಾಡಿದ್ದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬೆರಳಿನಿಂದ ತನ್ನ ಎಡಗಣ್ಣಿನ ರೆಪ್ಪೆಯನ್ನು ಎತ್ತಿ, ಬಿಟ್ಟಳು. ಎತ್ತಿ, ಬಿಟ್ಟಳು. ಒಳಗೆ ಏನೂ ಇರಲಿಲ್ಲ. ಯಂತ್ರ ಕೆಂಪಗಾಗಿ ಹೇಳಿತು: ಮುಖಕ್ಕೆ ಅಡ್ಡವಾಗಿ ಕೈ ಇಡಬೇಡಿ.

ಅದನ್ನೂ ನಾನೇ ಓದಿ ಹೇಳಬೇಕಾಯಿತು.

ಅವಳು ಕೈ ಇಳಿಸಿ, ಸೆರಗಿನಿಂದ ಬೆರಳು ಒರೆಸಿಕೊಂಡಳು. "ಸಾಕು. ಇದ್ನ ಹಿಂಗೇ ರೆಕಾರ್ಡ್ ಮಾಡಕ್ಕ. ಕಾನೂನೈತೆ. ನಮ್ ಕೈಲಿ ಆಗ್ದಿದ್ರೆ ದೂರ್ ಕೊಡೋಣ. ನಾನ್ ಇನ್ನೊಂದ್ಸಲ ಆ ಹುಡ್ಗಿಗೆ ಫೋನ್ ಮಾಡ್ತೀನಿ. ನೀನೇನೂ ಮಾಡ್ಬೇಡ. ಕೇಳಿಸ್ತಾ? ನೀನೇನೂ ಮಾಡ್ಬೇಡ." ರೆಕಾರ್ಡು ಹಾಕಿದೆ. ಅವಳು ಸಿಗ್ನಲ್ಲಿಗಾಗಿ ಹೊರಗಿನ ಮೆಟ್ಟಿಲಿಗೆ ಹೋಗಿ ನಿಂತಳು. ಸಹಾಯವಾಣಿಯ ಕೊಳಲಿನ ಸಂಗೀತ ಒಳಗಿನವರೆಗೂ ಕೇಳುತ್ತಿತ್ತು.

ನಾಲ್ಕೂ ಐವತ್ತಮೂರು. ಕೊಳಲು. ಐವತ್ತಾರು. ಇನ್ನೂ ಕೊಳಲು. ನಾನು ಎಂಥವಳೆಂದರೆ, ಬೇರೆಯವರ ಮನೆಯ ಹಾಲು ಉಕ್ಕುವ ವಾಸನೆ ಬಂದರೂ ಗೇಟು ದಾಟಿ ಓಡುವವಳು. ರೆಕಾರ್ಡು ನಿಲ್ಲಿಸಿದೆ. ಸಮಯ ಮೀರಿ ಮುಚ್ಚಿದ್ದ ಕ್ಯಾಮೆರಾ ಪುಟವನ್ನು ಮತ್ತೆ ತೆರೆದೆ. ಕನ್ನಡಕ ತೆಗೆದೆ. ಅವಳ ಕುರ್ಚಿಯಲ್ಲಿ ಕೂತೆ. ಮಿಟುಕಿಸಿದೆ, ಆಗಲಿಲ್ಲ. ಹತ್ತಿರ ಸರಿದು ಇನ್ನೊಂದು ಸಲ ಮಿಟುಕಿಸಿದೆ. ಹಸಿರು ಗುರುತು ಬಂತು, ಧನ್ಯವಾದಗಳು ಸುಜಾತ ಅವರೇ ಅಂದಿತು. ಆ ರೆಕಾರ್ಡನ್ನು ಅಳಿಸಿಯೂ ಬಿಟ್ಟೆ. ಅರ್ಜಿಯೇ ಹೋದಮೇಲೆ ಅದು ಯಾಕೆ, ನಾಳೆ ಯಾರಾದರೂ ನೋಡಿ ನನ್ನನ್ನೇ ಹಿಡಿದರೆ ಅಂತ. ನೋಡಿ, ಬುದ್ಧಿ ಎಷ್ಟು ಚುರುಕಾಗಿ ಓಡಿತು.

"ಆಯ್ತು ಕಣಮ್ಮ, ತಗೊಂತು!" ಅಂತ ಕೂಗಿದೆ.

ಸುಜಾತ ಒಳಗೆ ಬಂದಳು. "ಹೆಂಗ್ ತಗೊಂತು?"

"ಆಗ್ಲೇ ರೆಪ್ಪೆ ಎತ್ತಿದ್ಯಲ್ಲ, ಅದೇ. ನಿಧಾನಕ್ಕೆ ತಗೊಂತು ನೋಡು."

"ನಿಜವಾ?"

"ನಿಜ ಕಣೇ."

ಅವಳು ತಲೆಯನ್ನು ಒಂದು ಬದಿಗೆ ವಾಲಿಸಿ ನಿಂತಳು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುವಾಗಿನ ಮುಖ. ನನ್ನೊಳಗೆ ಏನಾದರೂ ಟಕ್ ಅನ್ನುತ್ತದೆಯೋ ಅಂತ ಕೇಳುತ್ತಿದ್ದಳು. ಏನೂ ಅಂದಿರಲಿಕ್ಕಿಲ್ಲ. ಆದರೂ ಅವಳು ನನ್ನನ್ನು ಪಕ್ಕಕ್ಕೆ ಹಾಕಲಿಲ್ಲ. ಕೆಲಸ ಅಷ್ಟು ಬೇಕಾಗಿತ್ತು.

ಮನೆಗೆ ಹೋಗಿ ನಾನು ಏನು ಮಾಡಿದೆ ಗೊತ್ತಾ? ನಿಮ್ಮಲ್ಲಿ ಹಳಬರಿಗೆ ಗೊತ್ತಿರುತ್ತದೆ, ನೀವೇ ಮೆಚ್ಚಿದ್ದೀರಿ. ದಾಸವಾಳದ ಚಿತ್ರದ ಮೇಲೆ ಬರೆದೆ: "ಇವತ್ತು ಕಣ್ಣಿಲ್ಲದ ತಂಗಿಯೊಬ್ಬಳ ಅರ್ಜಿಗೆ ಅವಳ ಬದಲು ನಾನು ಕಣ್ಣು ಮಿಟುಕಿಸಿದೆ. ಇದಕ್ಕಿಂತ ದೊಡ್ಡ ಪೂಜೆ ಇದೆಯೇ?" ಆರುನೂರು ಮಂದಿ ಮೆಚ್ಚಿದರು. ಇನ್ನೂರು ಮಂದಿ ಕೈ ಮುಗಿದರು. ಊರಿಗೆಲ್ಲ ಗೊತ್ತಾಯಿತು. ಗೊತ್ತಾಗದೆ ಉಳಿದವಳು ಒಬ್ಬಳೇ. ಅವಳ ಫೋನು "ಚಿತ್ರ" ಅಂದು ಸುಮ್ಮನಾಗಿತ್ತು.

ಸುಜಾತ ಪರೀಕ್ಷೆ ಬರೆದಳು, ಮೊದಲನೆಯವಳಾಗಿ ಬಂದಳು. ದಾಖಲೆ ನೋಡುವ ದಿನ ಅಪ್ಪನ ಜೊತೆ ಹೋದಳು. ಅಲ್ಲಿ ಗುಮಾಸ್ತರು ಕಂಪ್ಯೂಟರ್ ನೋಡಿ, ಅವಳನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿ, "ಅರ್ಜಿಲಿ ಇರೋರು ನೀವಲ್ವಲ್ಲಮ್ಮ" ಅಂದರಂತೆ. ಮತ್ಯಾರು ಅಂತ ಅವಳು ಕೇಳಿದಳು. ಗುಮಾಸ್ತರು ವಿವರಿಸಿದರು. ಅವಳು ಅಲ್ಲಿಂದಲೇ ನನಗೆ ಫೋನ್ ಮಾಡಿದಳು.

"ಪದ್ಮಕ್ಕ, ನಿಂಗೆ ಎರಡು ಮೂಗ್ತಿ ಅಲ್ವಾ?"

ಮೂಗಿನ ಎರಡನೇ ಕಡೆಯೂ ಚುಚ್ಚಿಸಿಕೊಂಡು ಕೀವಾಗಿ ಅವಳ ಮುಂದೆ ಒಂದು ತಿಂಗಳು ಗೋಳಾಡಿದ್ದು ನಾನೇ. ಹೂಂ ಅಂದೆ.

"ದಪ್ಪ ಮುಖ, ಎರಡು ಮೂಗ್ತಿ ಅಂದ್ರು. ಸರಿ ಬಿಡು" ಅಂದು ಫೋನಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಬ್ಬರ ಮುಖ ತೋರಿಸಿ ವಂಚನೆ ಮಾಡಿದ ಅಭ್ಯರ್ಥಿ ಅಂತ ಅವಳ ಹೆಸರಿನ ಮುಂದೆ ಬರೆದರು. ಮುಂದೆ ಯಾವ ಅರ್ಜಿಯನ್ನೂ ಹಾಕುವ ಹಾಗಿಲ್ಲ ಅಂದರು. ಹುದ್ದೆ ಪಟ್ಟಿಯಲ್ಲಿ ಎರಡನೆಯವರಿಗೆ ಹೋಯಿತು.

ಎರಡು ತಿಂಗಳು ಅವಳು ಈ ಕಡೆ ಬರಲಿಲ್ಲ. ಬಂದಾಗ ಜೊತೆಯಲ್ಲಿ ಚಿಕ್ಕಬಳ್ಳಾಪುರದ ವಕೀಲರು ಇನಾಯತ್ ಸಾಹೇಬರು. ಅರವತ್ತು ದಾಟಿದವರು, ಅವರಿಗೂ ದೃಷ್ಟಿ ಅಷ್ಟಕ್ಕಷ್ಟೆ, ಭೂತಗನ್ನಡಿ ಹಿಡಿದು ಓದುತ್ತಾರೆ. ನನ್ನನ್ನು ಜೈಲಿಗೆ ಕಳಿಸಲು ಬಂದಿದ್ದಾರೆ ಅಂತ ನಾನು ಪ್ರಿಂಟರಿನ ಹಿಂದೆ ನಿಂತುಕೊಂಡೆ.

"ಬನ್ನಿಯಮ್ಮ ಈಚೆ. ದೂರು ನಿಮ್ ಮೇಲಲ್ಲ, ಸಂಸ್ಥೆ ಮೇಲೆ" ಅಂದರು ಸಾಹೇಬರು. ಅಂಗವಿಕಲರ ಹಕ್ಕಿನ ಕಾನೂನಿನ ಕೆಳಗೆ ಸುಜಾತ ದೂರು ಕೊಟ್ಟಿದ್ದಳು: ಕಣ್ಣು ಕಾಣದವರು ಬಳಸಲಾಗದ ವೆಬ್‌ಸೈಟು ಇಟ್ಟು, ಕಣ್ಣು ಕಾಣದವರ ಹುದ್ದೆಗೆ ಅರ್ಜಿ ಕರೆದಿದ್ದಾರೆ ಅಂತ. ಸಂಸ್ಥೆಯಿಂದ ಉತ್ತರವೂ ಬಂದಿತ್ತು. ಕಾಗದವನ್ನು ಫೋಟೊ ತೆಗೆದು ಕಳಿಸಿದ್ದರು, ಆದ್ದರಿಂದ ದೂರು ಕೊಟ್ಟವಳಿಗೇ ಅದನ್ನು ಓದಲಾಗಲಿಲ್ಲ. ಸಾಹೇಬರು ಭೂತಗನ್ನಡಿಯನ್ನು ಸಾಲಿನ ಮೇಲೆ ಜಾರಿಸುತ್ತಾ ಓದಿದರು. ನಮ್ಮ ಜಾಲತಾಣದಲ್ಲಿ ಯಾವ ತೊಂದರೆಯೂ ಇಲ್ಲ. ಈ ಹುದ್ದೆಗೆ ಅರ್ಜಿ ಹಾಕಿದ ದೃಷ್ಟಿಹೀನರೆಲ್ಲರೂ ಕೊನೆಯ ಹಂತದವರೆಗೂ ಯಶಸ್ವಿಯಾಗಿ ಪೂರೈಸಿದ್ದಾರೆ, ದೂರುದಾರರೂ ಸೇರಿದಂತೆ. ವಂಚನೆ ಅಂತ ಬರೆದವರೇ ಇದನ್ನೂ ಬರೆದಿದ್ದರು.

"ಎಲ್ಲಾರೂನಾ?" ಅಂದೆ.

"ಊರೂರಲ್ಲೂ ಒಬ್ಬೊಬ್ಳು ಪದ್ಮಕ್ಕ ಇರ್ತಾಳಲ್ಲ" ಅಂದಳು ಸುಜಾತ. ಎರಡು ತಿಂಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು ಅದು.

ಸಾಹೇಬರು ಭೂತಗನ್ನಡಿ ಮಡಿಚಿಟ್ಟರು. "ನೋಡಮ್ಮ, ನೀವು ಮಾಡಿದ ಉಪಕಾರ ಎಲ್ಲಾ ಅವರ ಕಡೆ ಸಾಕ್ಷಿ ಹೇಳ್ತಾ ಐತೆ. ಈಗ ನೀವು ಬಂದು ನಮ್ ಕಡೆ ಹೇಳ್ಬೇಕು. ನಾನೇ ಮಿಟುಕಿಸಿದ್ದು ಅಂತ. ಅವ್ರು ನಿಮ್ ಮೇಲೆ ಬೀಳ್ತಾರೆ, ಅದನ್ನೂ ಹೇಳ್ಬಿಡ್ತೀನಿ."

ಗಂಡನಿಗೆ ಹೇಳಿದೆ. ತೆಲುಗಿಗೂ ಇಳಿಯಲಿಲ್ಲ, ಅಷ್ಟು ಸಿಟ್ಟು. "ಇಷ್ಟು ದಿನ ಊರೋರ ಹೆಸರಲ್ಲಿ ಸೈನ್ ಹಾಕ್ದೆ. ಈಗ ನಿನ್ ಹೆಸರಲ್ಲೇ ಹಾಕು ಹೋಗು" ಅಂದರು. ಅದನ್ನು ಅಪ್ಪಣೆ ಅಂತ ತೆಗೆದುಕೊಂಡೆ.

ಚಿಕ್ಕಬಳ್ಳಾಪುರದಲ್ಲಿ ವಿಚಾರಣೆ. ಉದ್ದ ಮೇಜು, ಅದರ ತುದಿಯಲ್ಲಿ ದೂರು ಕೇಳುವ ಅಧಿಕಾರಿ, ನನ್ನ ವಯಸ್ಸಿನ ಹೆಂಗಸು, ಕಡಿಮೆ ಮಾತು. ಸಂಸ್ಥೆಯ ಕಡೆ ಒಬ್ಬ ಯುವ ವಕೀಲ. ಆತ ಎದ್ದು ನಿಂತು ತನ್ನ ಫೋನಿನಿಂದ ನನ್ನ ದಾಸವಾಳವನ್ನು ರಾಗವಾಗಿ ಓದಿದ. ಸುಜಾತ ಅದನ್ನು ಮೊದಲ ಸಲ ಕೇಳಿಸಿಕೊಂಡದ್ದು ಅಲ್ಲಿ, ಎದುರಾಳಿಯ ಬಾಯಿಂದ. "ಇದಕ್ಕಿಂತ ದೊಡ್ಡ ಪೂಜೆ ಇದೆಯೇ" ಅನ್ನುವಲ್ಲಿಗೆ ಬಂದಾಗ ನಾನು ಮೇಜಿನ ಮೇಲಿದ್ದ ಗುಂಡುಸೂಜಿ ಎಣಿಸುತ್ತಿದ್ದೆ.

"ಇದು ನಿಮ್ಮದೇನಮ್ಮ?"

"ಹೂಂ ಸಾರ್."

"ಆರುನೂರು ಜನ ಮೆಚ್ಚಿದ್ದಾರೆ."

"ಅದ್ರಲ್ಲಿ ನಾನೂ ಒಬ್ಳು ಸಾರ್. ನಾನೇ ಹಾಕಿ ನಾನೇ ಒತ್ತಿದ್ದೆ."

ಯಾರೂ ನಗಲಿಲ್ಲ. ಆತ ಅಧಿಕಾರಿಯ ಕಡೆ ತಿರುಗಿ, "ಮೇಡಂ, ಇದು ವಂಚನೆ. ಜಾಲತಾಣದ ತಪ್ಪೇನು?" ಅಂದ. ಅಧಿಕಾರಿ ನನ್ನನ್ನು ಕೇಳಿದರು, "ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಹೀಗೆ ಮಾಡಿಕೊಟ್ಟಿದ್ದೀರಿ?" ಲೆಕ್ಕ ಇಟ್ಟಿಲ್ಲ ಮೇಡಂ ಅಂದೆ. "ಕಣ್ಣು ಕಾಣದವರು ಒಬ್ಬರಾದರೂ ಇಂಥ ಅರ್ಜಿಯನ್ನು ಪೂರ್ತಿ ತಾವೇ ಮುಗಿಸಿದ್ದನ್ನು ನೋಡಿದ್ದೀರಾ?" ನಾನು ಯೋಚಿಸಿದೆ. ಇಲ್ಲ ಮೇಡಂ, ಬಿಟ್ಟಿಲ್ಲ ಅಂದೆ. ಮುಗಿಸಲಾಗಲಿಲ್ಲ ಅನ್ನಬೇಕಿತ್ತು, ಬಿಟ್ಟಿಲ್ಲ ಅಂತ ಬಾಯಿಗೆ ಬಂತು. ಅಧಿಕಾರಿ ಅದನ್ನೇ ಬರೆದುಕೊಂಡರು.

ಆಮೇಲೆ ಅವರು, "ಮುಚ್ಚಿರುವ ಆ ಅರ್ಜಿಯನ್ನು ಪರೀಕ್ಷೆಗೆ ಅಂತ ಈಗ ತೆರೆಸಿ. ಅವರೇ ಮಾಡಲಿ. ಯಾರೂ ಮಾತಾಡಬಾರದು" ಅಂದರು.

ಸುಜಾತ ಫೋನನ್ನು ಮೇಜಿನ ಮೇಲಿಟ್ಟಳು. ನಾವೆಲ್ಲ ಸುತ್ತ ನಿಂತೆವು. ಅದು ಓದತೊಡಗಿತು. ಬಟನ್. ಬಟನ್. ಬಟನ್. ಚಿತ್ರ. ಬಟನ್. ಅವಳ ಬೆರಳು ಒಂದೊಂದನ್ನೂ ಮುಟ್ಟಿ, ವಾಪಸ್ಸು ಬಂದು, ಮತ್ತೆ ಮುಟ್ಟಿತು. ಹೆಸರಿಲ್ಲದ ಆ ಗುಂಡಿಗಳನ್ನು ನೆನಪಿನಲ್ಲಿ ಎಣಿಸಿಕೊಂಡು, ಅಳಿಸುವ ಗುಂಡಿಯನ್ನು ದಾಟಿ, ಇಪ್ಪತ್ತು ನಿಮಿಷದಲ್ಲಿ ಕೊನೆಯ ಪುಟಕ್ಕೆ ತಲುಪಿದಳು. ಕ್ಯಾಮೆರಾ ತೆರೆಯಿತು. ಪರದೆಯ ಮೇಲೆ ಕಣ್ಣು ಮಿಟುಕಿಸಿ ಅಂತ ಬಂತು. ಫೋನು "ಚಿತ್ರ" ಅಂದು ಸುಮ್ಮನಾಯಿತು.

ಅವಳಿಗೆ ಗೊತ್ತಿತ್ತು ಅಲ್ಲಿ ಏನು ಬರೆದಿದೆ ಅಂತ. ಆದರೂ ಏನೂ ಗೊತ್ತಿಲ್ಲದವಳ ಹಾಗೆ, ನೆಟ್ಟಗೆ ಕೂತು ಕಾದಳು. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು, ಅದೂ ಅವಳಿಗೆ ಕೇಳದು. ಕೋಣೆಯಲ್ಲಿದ್ದ ಕಣ್ಣುಗಳೆಲ್ಲ ಆ ಎರಡು ಶಬ್ದವನ್ನು ಓದುತ್ತಿದ್ದವು, ಒಬ್ಬರೂ ತುಟಿ ಬಿಚ್ಚುವ ಹಾಗಿರಲಿಲ್ಲ. ನನ್ನ ಗಂಟಲಿಗೆ ಬಂತು. ಅಲ್ಲೇ ಕಣೇ, ಮಿಟುಕಿಸು ಅಂತೈತೆ ಕಣೇ. ಬಾಯಿ ತೆರೆದೆ. ಇನಾಯತ್ ಸಾಹೇಬರು ನನ್ನ ಕಾಲು ತುಳಿದರು, ಚೆನ್ನಾಗಿಯೇ ತುಳಿದರು. ನಾನು ಜೀವನದಲ್ಲಿ ಪೂರ್ತಿ ಒಂದು ನಿಮಿಷ ಯಾರಿಗೂ ಸಹಾಯ ಮಾಡದೆ ನಿಂತದ್ದು ಅದೇ ಮೊದಲು. ಸಮಯ ಮುಗಿಯಿತು. ಪರದೆ ಬೆಳ್ಳಗಾಯಿತು. ಫೋನು ಮೊದಲಿನಿಂದ ಶುರುಮಾಡಿತು: ಬಟನ್. ಬಟನ್. ಬಟನ್.

ಆ ಯುವ ವಕೀಲ ಕೂತುಕೊಂಡ. ಅವನ ಮುಖ ನೋಡಿ ನನಗೆ ಅವನ ಮೇಲೂ ಮರುಕ ಬಂತು, ಅಭ್ಯಾಸ ಬಲ.

ಗೆದ್ದೆವು ಅಂತ ಬರೆಯಬಹುದು. ನಿಗದಿ ಮಾಡಿದ ದಿನದೊಳಗೆ ವೆಬ್‌ಸೈಟು ಸರಿಮಾಡಬೇಕು, ಕಣ್ಣು ಮಿಟುಕಿಸುವುದಕ್ಕೆ ಬದಲಿ ದಾರಿ ಕೊಡಬೇಕು, ಸುಜಾತಳ ಹೆಸರಿನ ಮುಂದಿನ ವಂಚನೆ ಅನ್ನುವ ಮಾತು ತೆಗೆಯಬೇಕು ಅಂತ ಆದೇಶವಾಯಿತು. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ಹುದ್ದೆ? ಅದರಲ್ಲಿ ಆಗಲೇ ಬಾಗೇಪಲ್ಲಿ ಕಡೆಯ ಒಬ್ಬರು ಕೂತಿದ್ದರು, ಅವರಿಗೂ ಕಣ್ಣಿಲ್ಲ. ಸಾಹೇಬರು ಬೇಕಾದರೆ ಅದನ್ನೂ ಪ್ರಶ್ನಿಸೋಣ ಅಂದಾಗ ಸುಜಾತ, "ಅವ್ರನ್ನ ಎಬ್ಬಿಸಿ ನಾನ್ ಕೂರಲ್ಲ ಸಾಹೇಬ್ರೆ" ಅಂದಳು. ವಯಸ್ಸಿನಲ್ಲಿ ಒಂದು ಸಲ ವಿನಾಯಿತಿ ಕೊಡಿ ಅಂತ ಮೇಲಿನವರಿಗೆ ಬರೆದಿದ್ದಾರೆ. ಉತ್ತರ ಬಂದಿಲ್ಲ. ಅವಳಿಗೆ ನಲವತ್ತೈದು ದಾಟಿ ಆಯಿತು.

ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನಾನು ಅವಳ ತೋಳು ಹಿಡಿದೆ. "ಬಿಡಕ್ಕ. ನೀನ್ ಹಿಡ್ಕೊಂಡ್ರೆ ತಳ್ದಂಗಾಗುತ್ತೆ. ನಾನ್ ಹಿಡ್ಕೊತೀನಿ" ಅಂದು ನನ್ನ ಮೊಣಕೈ ಹಿಡಿದಳು. ಇಷ್ಟು ವರ್ಷ ಎಷ್ಟು ಜನರನ್ನು ತಳ್ಳಿದ್ದೇನೋ. ಬಸ್ಸು ನಂದಿ ಬೆಟ್ಟದ ಕಡೆಗೆ ಬೆನ್ನು ಹಾಕಿ ಶಿಡ್ಲಘಟ್ಟದ ದಾರಿ ಹಿಡಿದ ಮೇಲೆ, ತಪ್ಪಾಯ್ತು ಕಣೇ ಅಂದೆ.

"ಅವತ್ ನೀನ್ ಮಿಟುಕಿಸ್ದೆ ಇದ್ದಿದ್ರೆ ಅರ್ಜಿ ಹೋಗ್ತಿರ್ಲಿಲ್ಲ" ಅಂದಳು. "ಆದ್ರೆ ಆ ರೆಕಾರ್ಡ್ ಇರ್ತಿತ್ತು. ಮಾರ್ನೇ ದಿನಾನೇ ಹೋಗಿ ಅರ್ಜಿ ಮುಚ್ಬೇಡಿ ಅಂತ ತಡೆ ಕೇಳ್ಬಹುದಿತ್ತಂತೆ, ಸಾಹೇಬ್ರು ಹೇಳಿದ್ರು. ಸಿಗ್ತಿತ್ತೋ ಇಲ್ವೋ ಗೊತ್ತಿಲ್ಲ. ಆಗ್ಲಿಲ್ಲ ಅನ್ನೋದಾದ್ರೂ ನಂದಾಗಿರ್ತಿತ್ತು. ಅದ್ನೂ ನೀನೇ ತಗೊಂಡೆ."

ಕಂಡಕ್ಟರ್ ಬಂದು, ಅವಳ ಪಕ್ಕದಲ್ಲೇ ನಿಂತು, ನನ್ನನ್ನು ಕೇಳಿದ: "ಇವ್ರು ಎಲ್ಲಿಗಮ್ಮ?" ಬಾಯಿಗೆ ಬಂದದ್ದನ್ನು ನುಂಗಿ ಕಿಟಕಿ ಕಡೆ ತಿರುಗಿದೆ. "ಜಂಗಮಕೋಟೆ. ನನ್ನೇ ಕೇಳಪ್ಪ, ಬಾಯೈತೆ" ಅಂದಳು ಸುಜಾತ.

ಮೊನ್ನೆ ಅವಳು ಮತ್ತೆ ಸೆಂಟರಿಗೆ ಬಂದಿದ್ದಳು, ಇನ್ನಾವುದೋ ಕಾಗದ ಹಾಕಲು. "ಕೈ ಎಲ್ಲಿಟ್ಟಿದ್ದೀಯಕ್ಕ?" ಅಂದಳು. ತೊಡೆಯ ಕೆಳಗೆ ಒತ್ತಿ ಕೂತಿದ್ದೀನಿ ಕಣೇ ಅಂದೆ. ಮುಕ್ಕಾಲು ಗಂಟೆ ಹಾಗೇ ಕೂತೆ, ಕೈ ಜೋಮು ಹಿಡಿಯಿತು. ಆ ಸೈಟಿನಲ್ಲೂ ಅವಳಿಗೆ ಆಗಲಿಲ್ಲ. ಆಗಲಿಲ್ಲ ಅನ್ನುವುದನ್ನು ಗಂಟೆ, ನಿಮಿಷ ಸಮೇತ ಅವಳೇ ರೆಕಾರ್ಡ್ ಮಾಡಿಕೊಂಡು ಹೋದಳು. ನಾನು ಪ್ರಿಂಟು ಕೊಟ್ಟೆ, ಅಷ್ಟೆ.

ಈಗ ನಿಮ್ಮ ಸರದಿ. ಯಾವ ಸೈಟು ನಿಮ್ಮನ್ನು, ನಿಮ್ಮ ಮನೆಯವರನ್ನು ಬಾಗಿಲಲ್ಲೇ ನಿಲ್ಲಿಸಿತು, ಕೆಳಗೆ ಬರೆಯಿರಿ. ಯಾರ ಬದಲು ನೀವು ಮಿಟುಕಿಸಿದ್ದೀರಿ, ಆಮೇಲೆ ಅವರಿಗೆ ಏನು ಹೇಳಿದಿರಿ, ಅದನ್ನೂ ಬರೆಯಿರಿ. ಕೈ ಮುಗಿಯುವ ಗುರುತು ಮಾತ್ರ ದಯವಿಟ್ಟು ಬೇಡ. ಹತ್ತು ಹಾಕಿದರೆ ಅವಳ ಫೋನು ಹತ್ತು ಸಲ "ಮಡಿಚಿದ ಕೈಗಳು, ಮಡಿಚಿದ ಕೈಗಳು" ಅನ್ನುತ್ತದಂತೆ, ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರಂತೆ. ಚಿತ್ರದ ಮೇಲೆ ಬರೆದು ಕಳಿಸಬೇಡಿ. ನಾನೂ ಈ ಸಲ ದಾಸವಾಳ ಬಿಟ್ಟಿದ್ದೇನೆ, ಇದು ಬರೀ ಅಕ್ಷರ. ನೀವು ಬರೆದದ್ದನ್ನೆಲ್ಲ ಸುಜಾತ ಓದುತ್ತಾಳೆ. ನಾನು ಅವಳಿಗೆ ಓದಿ ಹೇಳುವುದಿಲ್ಲ.